ಬೀಜದ ವಿವಾದಗಳಲ್ಲಿ ಭಯವೂ ಕೋಪವೂ

ಹೊಸ ಬೀಜವಾಗಲಿ, ಹೊಸ ಗೊಬ್ಬರವಾಗಲಿ, ಹುಳುವಿಗೆ ಹೊಡೆಯತಕ್ಕ ಹೊಸ ಔಷಧವಾಗಲಿ ಒಂದು ಗ್ರಾಮಕ್ಕೆ ಬಂದಾಗ, ಅದರ ಗುಣದೋಷಗಳು ಪ್ರಯೋಗಶಾಲೆಯಲ್ಲಿ ಎಷ್ಟೇ ಇತ್ಯರ್ಥವಾಗಿದ್ದರೂ, ಅರಳಿಕಟ್ಟೆಯ ಮೇಲೆ ಇನ್ನೊಂದು ಸಲ ವಿಚಾರಣೆಗೆ ಬಂದೇ ಬರುತ್ತವೆ. ಆ ವಿಚಾರಣೆಯಲ್ಲಿ ಅಂಕಿ ಅಂಶಗಳಿಗಿಂತ ಮುಂಚೆ ಭಯ, ಕೋಪ, ಸಂಶಯ, ಆಶೆ ಇವು ಮಾತನಾಡುವುದು ವಾಡಿಕೆ. ಇದನ್ನು ಕಂಡ ಅಧಿಕಾರಿಗಳೂ ಪಂಡಿತರೂ, “ಜನರು ಭಾವಾವೇಶಕ್ಕೆ ಒಳಗಾಗಿದ್ದಾರೆ, ವಿಚಾರ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ” ಎಂದು ಬೇಸರಪಡುತ್ತಾರೆ. ಜನರಾದರೋ, “ಇವರಿಗೆ ಪುಸ್ತಕದ ಲೆಕ್ಕ ಗೊತ್ತು, ನಮ್ಮ ಸಂಕಟ ಗೊತ್ತಿಲ್ಲ” ಎಂದುಕೊಳ್ಳುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧರ್ಧ ಸತ್ಯವಿರುವುದರಿಂದಲೇ ಜಗಳವು ಬಗೆಹರಿಯದೆ ವರ್ಷಗಟ್ಟಲೆ ನಿಲ್ಲುತ್ತದೆ. ಇಂಥ ಸಭೆಗಳಲ್ಲಿ ನಡುವೆ ಕುಳಿತು ಮಾತು ನಡೆಸಬೇಕಾದವರು ಗ್ರಾಮದ ಮುಖಂಡರು. ಪ್ರಯೋಗಕ್ಕೆ ಮೊದಲು ಹೊಲ ಕೊಡಬೇಕಾದವರು ಭೂಮಾಲೀಕರು. ಆದಕಾರಣ ಈ ಮನೋವಿಕಾರಗಳು ಎಲ್ಲಿಂದ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟನ್ನು ನಂಬಬೇಕು, ಎಷ್ಟನ್ನು ಬಿಡಬೇಕು ಎಂಬುದನ್ನು ಇವರಿಬ್ಬರೂ ತಿಳಿದಿರುವುದು ಅವಶ್ಯ.

ಕತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚಿಬೀಳುವವನ ದೃಷ್ಟಾಂತವು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವನನ್ನು ನೋಡಿ ನಗುವುದು ಸುಲಭ. ಆದರೆ ಹಾವು ಹರಿದಾಡುವ ಮನೆಯಲ್ಲಿ ಅವನು ಬೆಚ್ಚಿದ್ದರಿಂದಲೇ ಯಾರಾದರೂ ದೀಪ ತಂದು ನೋಡುತ್ತಾರೆ. ದೀಪ ತಂದ ಮೇಲೂ ಹಗ್ಗವನ್ನು ಹಾವೆಂದೇ ಸಾಧಿಸಿದರೆ ಅದು ಮೂಢತನ. ದೀಪವನ್ನೇ ತರದೆ ನಗುತ್ತಾ ಕುಳಿತರೆ ಅದೂ ಅಷ್ಟೇ ಮೂಢತನ. ಭಯವು ಎಲ್ಲಿ ನೋಡಬೇಕೆಂಬುದನ್ನು ತೋರಿಸೀತು. ಅಲ್ಲಿ ಏನಿದೆಯೆಂಬುದನ್ನು ಹೇಳಲಾರದು. ಕರ್ನಾಟಕದಲ್ಲಿಯೂ ಭರತಖಂಡದ ಇತರ ಭಾಗಗಳಲ್ಲಿಯೂ ಬಿ.ಟಿ. ಹತ್ತಿ, ಬಿ.ಟಿ. ಬದನೆ ಇವುಗಳ ವಿಚಾರವಾಗಿ ೧೯೯೮ನೆಯ ಇಸವಿಯಿಂದ ನಡೆದ ವಾದವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಬಿ.ಟಿ. ಎಂಬುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯ ಹೆಸರಿನ ಸಂಕ್ಷೇಪ. ಇದು ಮಣ್ಣಿನಲ್ಲಿ ಸಹಜವಾಗಿಯೇ ಇರತಕ್ಕದ್ದು. ಜಪಾನಿನಲ್ಲಿ ೧೯೦೧ರಲ್ಲಿ ಇದನ್ನು ಮೊದಲು ಗುರುತಿಸಿದ್ದು ರೋಗದಿಂದ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಹತ್ತು ವರ್ಷಗಳ ಮೇಲೆ ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ ಹಿಟ್ಟಿನ ಪತಂಗದ ಹುಳುವಿನಲ್ಲಿ ಕಂಡದ್ದರಿಂದ ಅದಕ್ಕೆ ಈ ಹೆಸರು ಬಂತು. (ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಬಿ.ಟಿ. ದ್ರಾವಣವನ್ನು ಸಿಂಪಡಿಸಬಾರದೆಂಬ ಎಚ್ಚರಿಕೆಗೆ ಕಾರಣವೂ ಇದೇ. ರೇಷ್ಮೆ ಸೀಮೆಯವರು ಇದನ್ನು ಮರೆಯಬಾರದು.) ಈ ಸೂಕ್ಷ್ಮಜೀವಿಯು ಒಂದು ಬಗೆಯ ಹರಳಿನಂಥ ಪ್ರೋಟೀನನ್ನು ಉಂಟುಮಾಡುತ್ತದೆ. ಹುಳುವಿನ ಕರುಳಿನಲ್ಲಿ ಕ್ಷಾರದ ಗುಣವಿರುವುದರಿಂದ ಆ ಹರಳು ಅಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು, ಅದನ್ನು ತೂತುಮಾಡುತ್ತದೆ. ಹುಳುವು ಮೇವು ಬಿಟ್ಟು ಸಾಯುತ್ತದೆ. ಮನುಷ್ಯರ ಜಠರದಲ್ಲಿ ಇರುವುದು ಆಮ್ಲ. ಆ ಪ್ರೋಟೀನು ಅಂಟಿಕೊಳ್ಳತಕ್ಕ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಈ ಪ್ರೋಟೀನನ್ನು ಮಾಡತಕ್ಕ ವಂಶವಾಹಿಯನ್ನು ಹತ್ತಿಯ ಗಿಡದೊಳಕ್ಕೆ ಸೇರಿಸಿದರೆ, ಗಿಡವೇ ಕಾಯಿಕೊರಕ ಹುಳುವಿಗೆ ವಿಷವಾಗುತ್ತದೆ. ಬಿ.ಟಿ. ಹತ್ತಿಯೆಂದರೆ ಇಷ್ಟೇ.

೧೯೯೮ರಲ್ಲಿ ಈ ಹತ್ತಿಯನ್ನು ದೇಶದ ಹಲವು ಕಡೆಗಳಲ್ಲಿ ಪ್ರಯೋಗಕ್ಕಾಗಿ ಬಿತ್ತಲು ಅನುಮತಿಯಾಯಿತು. ಆ ವರ್ಷವೇ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಬಿತ್ತಿದ ಬೆಳೆಯಿಂದ ಬರುವ ಕಾಳು ಮತ್ತೆ ಮೊಳೆಯದಂತೆ ಮಾಡತಕ್ಕ ಒಂದು ವಿಧಾನಕ್ಕೆ ಅಲ್ಲಿನ ಒಂದು ಹತ್ತಿ ಬೀಜದ ಕಂಪೆನಿಯೂ ಅಲ್ಲಿನ ಸರ್ಕಾರದ ವ್ಯವಸಾಯ ಇಲಾಖೆಯೂ ಸೇರಿ ಪೇಟೆಂಟ್ ಪಡೆದವು. ಅದನ್ನು ವಿರೋಧಿಸಿದವರು ಆ ವಿಧಾನಕ್ಕೆ ‘ಟರ್ಮಿನೇಟರ್’ ಎಂದು ಹೆಸರಿಟ್ಟರು. ಬಿ.ಟಿ. ಹತ್ತಿಯ ವಂಶವಾಹಿಯ ಒಡೆತನವುಳ್ಳ ಮಾನ್ಸಾಂಟೋ ಕಂಪೆನಿಯು ಆ ಹತ್ತಿ ಬೀಜದ ಕಂಪೆನಿಯನ್ನು ಕೊಂಡುಕೊಳ್ಳುವುದಾಗಿ ಮೇ ತಿಂಗಳಲ್ಲಿ ಪ್ರಕಟಿಸಿತು. ಎರಡು ಸುದ್ದಿಗಳೂ ಕೂಡಿಕೊಂಡು ಕರ್ನಾಟಕವನ್ನು ತಲುಪುವ ವೇಳೆಗೆ ಒಂದೇ ಸುದ್ದಿಯಾಗಿದ್ದವು: ರಾಯಚೂರಿನ ಹೊಲಗಳಲ್ಲಿ ಬೆಳೆಯುತ್ತಿರುವುದು ಬಂಜೆ ಬೀಜದ ಹತ್ತಿ, ಅದರ ಗಾಳಿ ಸೋಂಕಿದರೆ ಅಕ್ಕಪಕ್ಕದ ಬೆಳೆಯೂ ಬಂಜೆಯಾದೀತು, ಎಂಬುದಾಗಿ. ನವೆಂಬರ್ ಕೊನೆಯಲ್ಲಿಯೂ ಡಿಸೆಂಬರ್ ಮೊದಲಲ್ಲಿಯೂ ರಾಜ್ಯ ರೈತ ಸಂಘದವರು ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರಾಯಚೂರು ಜಿಲ್ಲೆಯ ಪ್ರಯೋಗದ ಹೊಲಗಳಿಗೆ ಹೋಗಿ ಗಿಡಗಳನ್ನು ಕಿತ್ತು ಸುಟ್ಟರು.

ಈ ಪ್ರಸಂಗವನ್ನು ದೀಪ ಹಿಡಿದು ನೋಡಬೇಕು. ಆ ಹೊಲಗಳಲ್ಲಿದ್ದ ಹತ್ತಿಯಲ್ಲಿ ಬಂಜೆತನದ ವಂಶವಾಹಿ ಇರಲಿಲ್ಲ. ಆಗ ಮಾತ್ರವಲ್ಲ, ಇಂದಿನವರೆಗೂ ಆ ವಿಧಾನದ ಬೀಜವು ಯಾವ ದೇಶದಲ್ಲಿಯೂ ಮಾರಾಟಕ್ಕೆ ಬಂದಿಲ್ಲ. ಕಂಪೆನಿಯು ೧೯೯೯ರ ಅಕ್ಟೋಬರಿನಲ್ಲಿ ಅದನ್ನು ಮಾರುಕಟ್ಟೆಗೆ ತರುವುದಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಹೀಗಾಗಿ ಕೋಪಕ್ಕೆ ಕಾರಣವೆಂದು ಹೇಳಿದ ಸಂಗತಿಯು ಸುಳ್ಳಾಗಿತ್ತು, ಹಗ್ಗವು ಹಾವಾಗಿರಲಿಲ್ಲ. ಸುಟ್ಟುಹೋದ ಬೆಳೆಯ ಹೊಲದವನೂ ಒಬ್ಬ ರೈತನೇ ಎಂಬುದನ್ನು ಮರೆಯಲಾಗದು.

ಆದರೆ ಇಷ್ಟಕ್ಕೇ ದೀಪವನ್ನು ಆರಿಸಿಬಿಟ್ಟರೆ ಅರ್ಧ ಮಾತ್ರ ಕಂಡಂತಾಗುತ್ತದೆ. ರೈತರನ್ನು ಕೆರಳಿಸಿದ್ದು ಬಂಜೆತನದ ಸುದ್ದಿಯೊಂದೇ ಅಲ್ಲ. ತಮ್ಮ ಸೀಮೆಯಲ್ಲಿ ಹೊಸದೊಂದು ಬೀಜವನ್ನು ಬಿತ್ತುವಾಗ ತಮ್ಮನ್ನು ಒಂದು ಮಾತು ಕೇಳಲಿಲ್ಲ, ಪ್ರಯೋಗ ಎಲ್ಲಿ ನಡೆಯುತ್ತಿದೆಯೆಂಬುದನ್ನು ಊರಿನವರಿಗೆ ತಿಳಿಸಲಿಲ್ಲ ಎಂಬುದು ಅವರ ದೂರು. ಬಿತ್ತನೆಯ ಬೀಜವು ಮನೆಯ ಕಣಜದಿಂದ ಅಂಗಡಿಗೆ ಹೋಗಿ, ಪ್ರತಿ ವರ್ಷವೂ ಕೈಯೊಡ್ಡಿ ಕೊಳ್ಳಬೇಕಾದ ಸ್ಥಿತಿ ಬರುತ್ತದೆಂಬುದು ಅದಕ್ಕಿಂತ ಆಳವಾದ ಭಯ. ಈ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ೨೦೦೨ರ ಮಾರ್ಚಿನಲ್ಲಿ ಸರ್ಕಾರದವರು ಮಾರಾಟಕ್ಕೆ ಒಪ್ಪಿದ ಬಿ.ಟಿ. ಹತ್ತಿಯ ಮೂರು ತಳಿಗಳೂ ಹೈಬ್ರಿಡ್ ತಳಿಗಳಾಗಿದ್ದವು. ಹೈಬ್ರಿಡ್ ಬೆಳೆಯ ಬೀಜವನ್ನು ಉಳಿಸಿಕೊಂಡು ಮುಂದಿನ ವರ್ಷ ಬಿತ್ತಿದರೆ ಮೊಳೆಯುವುದೇನೋ ಮೊಳೆಯುತ್ತದೆ. ಆದರೆ ಗಿಡಗಳು ಒಂದೊಂದು ಒಂದೊಂದು ತೆರನಾಗಿ ಇಳುವರಿ ಕುಗ್ಗುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು. ೪೫೦ ಗ್ರಾಮಿನ ಒಂದು ಪೊಟ್ಟಣಕ್ಕೆ ಮೊದಮೊದಲು ೧,೬೦೦ ರೂಪಾಯಿ ಬೆಲೆಯಿತ್ತು. ಆಂಧ್ರ ಪ್ರದೇಶದ ಸರ್ಕಾರವು ದೂರು ಕೊಟ್ಟ ಮೇಲೆ ೨೦೦೬ರಲ್ಲಿ ಅದು ೭೫೦ ರೂಪಾಯಿಗೆ ಇಳಿಯಿತು. ಟರ್ಮಿನೇಟರ್ ವಂಶವಾಹಿ ಇಲ್ಲದೆಯೇ ರೈತನು ಅಂಗಡಿಗೆ ಹೋಗುವಂತಾಯಿತು ಎಂದ ಮೇಲೆ, ರೈತನ ಭಯವು ಕಾರಣದಲ್ಲಿ ತಪ್ಪಿದರೂ ಕಾರ್ಯದಲ್ಲಿ ತಪ್ಪಿರಲಿಲ್ಲ ಎನ್ನಬೇಕು.

ಆಗಿನ ಶಾಸ್ತ್ರಜ್ಞರು ಕೊಟ್ಟ ಉತ್ತರವಾದರೂ ಏನು? ಇಲಿಗಳಿಗೂ ಮೇಕೆಗಳಿಗೂ ತಿನ್ನಿಸಿ ನೋಡಿದ್ದೇವೆ, ತೊಂದರೆಯಿಲ್ಲ ಎಂದು. ಉತ್ತರ ಸರಿಯಾದದ್ದೇ, ಕೇಳಿದ ಪ್ರಶ್ನೆ ಮಾತ್ರ ಬೇರೆ. “ಬೀಜ ಯಾರದು, ನಷ್ಟವಾದರೆ ಹೊರುವವರು ಯಾರು” ಎಂದು ಕೇಳಿದವನಿಗೆ “ವಿಷವಿಲ್ಲ” ಎಂದು ಹೇಳಿದರೆ ಅವನ ಕೋಪ ಇಳಿಯದೆ ಏರುತ್ತದೆ. ಏರಿದ ಕೋಪವು ಕೊನೆಗೆ “ವಿಷವಿದೆ” ಎಂಬ ಸುಳ್ಳನ್ನೇ ಹಿಡಿದುಕೊಳ್ಳುತ್ತದೆ, ಏಕೆಂದರೆ ಅಧಿಕಾರಿಗಳು ಕಿವಿಗೊಡುವುದು ಆ ಒಂದು ಮಾತಿಗೆ ಮಾತ್ರ ಎಂದು ಅನುಭವದಿಂದ ಗೊತ್ತಾಗಿರುತ್ತದೆ. ನಮ್ಮ ದೇಶದ ಬೀಜದ ಜಗಳಗಳಲ್ಲಿ ಅನೇಕವು ಹೀಗೆ ಒಂದು ಪ್ರಶ್ನೆಯು ಇನ್ನೊಂದರ ವೇಷ ಹಾಕಿಕೊಂಡು ಬಂದದ್ದರಿಂದ ಬೆಳೆದವು.

ಶಾಸನ ಮಾಡಿದವರು ಈ ವಿಷಯದಲ್ಲಿ ಪಂಡಿತರಿಗಿಂತ ಚೆನ್ನಾಗಿ ಕಿವಿಗೊಟ್ಟರೆಂದು ಹೇಳಬಹುದು. ೨೦೦೧ರಲ್ಲಿ ಪಾರ್ಲಿಮೆಂಟು ಮಾಡಿದ ಸಸ್ಯತಳಿಗಳ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯಿದೆಯ ೨೯ನೆಯ ಪ್ರಕರಣದಲ್ಲಿ, ಮನುಷ್ಯರಿಗೂ ಪಶುಗಳಿಗೂ ಸಸ್ಯಗಳಿಗೂ ಹಾನಿಕರವಾದ ವಿಧಾನವುಳ್ಳ ತಳಿಗಳನ್ನು ನೋಂದಾಯಿಸಕೂಡದೆಂದಿದೆ. ಟರ್ಮಿನೇಟರ್ ವಿಧಾನವೂ ಇದರಲ್ಲಿ ಸೇರಿದೆಯೆಂದು ಹೆಸರು ಹೇಳಿಯೇ ವಿವರಿಸಿದೆ. ೩೯ನೆಯ ಪ್ರಕರಣವು ರೈತನು ತನ್ನ ಬೆಳೆಯ ಬೀಜವನ್ನು ಉಳಿಸುವ, ಬಿತ್ತುವ, ಕೊಟ್ಟು ತೆಗೆದುಕೊಳ್ಳುವ, ಕಂಪೆನಿಯ ಮುದ್ರೆಯಿಲ್ಲದೆ ಮಾರುವ ಹಕ್ಕನ್ನು ಕಾಪಾಡಿದೆ. ಹೊಲದಲ್ಲಿ ತಪ್ಪು ಗಿಡವನ್ನು ಸುಟ್ಟ ಭಯವೇ ಶಾಸನದಲ್ಲಿ ಸರಿಯಾದ ಬಾಗಿಲಿಗೆ ಬೀಗ ಹಾಕಿಸಿತು.

ಭಯದ ವಿಚಾರ ಹೀಗಿದ್ದರೆ, ಆಶೆಯ ವಿಚಾರವನ್ನು ಜನರು ಮನೋವಿಕಾರಗಳ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ೨೦೦೧ನೆಯ ಇಸವಿಯಲ್ಲಿ ಗುಜರಾತಿನಲ್ಲಿ ಕಾಯಿಕೊರಕದ ಹಾವಳಿ ಹೆಚ್ಚಾಗಿ ಹತ್ತಿ ಹಾಳಾದಾಗ, ಕೆಲವು ಹೊಲಗಳು ಮಾತ್ರ ಹಸುರಾಗಿ ಕಾಯಿಬಿಟ್ಟು ನಿಂತಿದ್ದವು. ಪರೀಕ್ಷಿಸಿ ನೋಡಿದರೆ, ನವಭಾರತ್ ೧೫೧ ಎಂಬ ಹೆಸರಿನಲ್ಲಿ ಅನುಮತಿಯಿಲ್ಲದೆ ಮಾರಿದ್ದ ಬಿ.ಟಿ. ಬೀಜವನ್ನು ಅಲ್ಲಿ ಬಿತ್ತಲಾಗಿತ್ತು. ದೆಹಲಿಯ ಅನುಮೋದನಾ ಸಮಿತಿಯವರು ಬೆಳೆಯನ್ನು ಸುಡಬೇಕೆಂದರು, ರೈತರು ಒಪ್ಪಲಿಲ್ಲ. ಒಂದು ಕಡೆ ಪರವಾನಗಿಯಿದ್ದ ಬೆಳೆಯನ್ನು ರೈತರು ಸುಟ್ಟರು, ಇನ್ನೊಂದು ಕಡೆ ಪರವಾನಗಿಯಿಲ್ಲದ ಅದೇ ಬಗೆಯ ಬೆಳೆಯನ್ನು ಸುಡಲು ಬಿಡಲಿಲ್ಲ. ನಡುವೆ ಇದ್ದ ಅಂತರ ಮೂರೇ ವರ್ಷ. ಮುಂದೆ ದೇಶದ ಹತ್ತಿಯ ವಿಸ್ತೀರ್ಣದಲ್ಲಿ ಶೇಕಡಾ ೯೦ಕ್ಕೂ ಮೇಲ್ಪಟ್ಟು ಬಿ.ಟಿ. ಹತ್ತಿಯೇ ಆಯಿತು.

ಆಶೆಯೂ ಕಣ್ಣು ಮುಚ್ಚಿಸುತ್ತದೆ. ಹುಳುಗಳು ಈ ವಿಷಕ್ಕೆ ಒಗ್ಗಿಹೋಗದಂತೆ, ಬಿ.ಟಿ. ಹತ್ತಿಯ ಸುತ್ತ ಬಿ.ಟಿ. ಅಲ್ಲದ ಹತ್ತಿಯ ಸಾಲುಗಳನ್ನು ಬಿತ್ತಬೇಕೆಂದು ಕಟ್ಟಳೆಯಿತ್ತು. ಅದಕ್ಕಾಗಿ ಪ್ರತಿ ಪೊಟ್ಟಣದ ಜೊತೆಗೆ ೧೨೦ ಗ್ರಾಂ ಸಾಧಾರಣ ಬೀಜವನ್ನೂ ಇಟ್ಟುಕೊಡುತ್ತಿದ್ದರು. ಆ ಸಾಲಿನಲ್ಲಿ ಬದುಕಿದ ಸಾಧಾರಣ ಹುಳುಗಳು, ವಿಷವನ್ನು ತಡೆದುಕೊಂಡ ಒಂದೆರಡು ಹುಳುಗಳ ಜೊತೆ ಕೂಡಿದರೆ, ಮರಿಗಳಲ್ಲಿ ತಡೆಯುವ ಶಕ್ತಿ ಕುಗ್ಗುತ್ತದೆಂಬುದು ಇದರ ತತ್ತ್ವ. ಆದರೆ ಹುಳು ತಿನ್ನಲೆಂದೇ ನಾಲ್ಕು ಸಾಲು ಬಿತ್ತುವುದು ಯಾರ ಮನಸ್ಸಿಗೆ ಒಗ್ಗೀತು? ಬಹುಮಂದಿ ಆ ಚಿಕ್ಕ ಪೊಟ್ಟಣವನ್ನು ಎಸೆದರು. ೨೦೧೦ರ ವೇಳೆಗೆ ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲನೆಯ ಬಗೆಯ ಬಿ.ಟಿ. ಹತ್ತಿಯನ್ನು ಜೀರ್ಣಿಸಿಕೊಂಡಿತೆಂದು ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಎರಡು ವಂಶವಾಹಿಗಳುಳ್ಳ ಎರಡನೆಯ ಬಗೆಯನ್ನೂ ಗೆದ್ದಿತು. ರಾಯಚೂರು ಸೀಮೆಯ ಹತ್ತಿ ಬೆಳೆಗಾರರಿಗೆ ಈ ಹುಳುವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿ ಕಾರಣಗಳು ಹಲವು; ಬೆಳೆಯನ್ನು ಬಹಳ ದಿನ ಹೊಲದಲ್ಲಿಯೇ ಬಿಡುವುದೂ ಒಂದು. ಆದರೂ ಸಭೆಯಲ್ಲಿ ಭಯಪಟ್ಟು ಕೂಗಿದವನನ್ನು ಹತ್ತು ಜನ ಪ್ರಶ್ನಿಸುತ್ತಾರೆ. ಆಶೆಪಟ್ಟು ಹೊಗಳಿದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ನ್ಯಾಯವಲ್ಲ.

ಹತ್ತಿಯ ವಿವಾದಕ್ಕಿಂತ ಬದನೆಯ ವಿವಾದವು ಹೆಚ್ಚು ಕಾವೇರಿದ್ದು ಸ್ವಾಭಾವಿಕ. ಹತ್ತಿ ಮೈಮೇಲೆ ಬರುತ್ತದೆ, ಬದನೆ ಎಲೆಯ ಮೇಲೆ ಬರುತ್ತದೆ. ಕುಡಿ ಮತ್ತು ಕಾಯಿ ಕೊರೆಯುವ ಹುಳುವಿಗಾಗಿ ಬದನೆಗೆ ಎಷ್ಟು ಸಲ ಔಷಧ ಹೊಡೆಯಬೇಕಾಗುತ್ತದೆಂಬುದು ಬೆಳೆದವರಿಗೆ ಗೊತ್ತು. ಇದನ್ನು ತಪ್ಪಿಸಲು ಮಾಡಿದ ಬಿ.ಟಿ. ಬದನೆಗೆ ೨೦೦೯ನೆಯ ಅಕ್ಟೋಬರ್ ೧೪ನೆಯ ತಾರೀಖು ಅನುಮೋದನಾ ಸಮಿತಿಯು ಒಪ್ಪಿಗೆ ಕೊಟ್ಟಿತು. ಈ ವಂಶವಾಹಿಯನ್ನು ಸೇರಿಸಿದ ನಾಡತಳಿಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಕೈಗೊಂಡ ಕೆಲವು ತಳಿಗಳಿದ್ದವು. ಅವುಗಳಲ್ಲಿ ಉಡುಪಿಯ ಗುಳ್ಳವೂ ಒಂದು. ಉಡುಪಿಯ ಹತ್ತಿರ ಮಟ್ಟು ಎಂಬ ಊರಿನಲ್ಲಿ ಬೆಳೆಯುವ ಗುಳ್ಳದ ಬೀಜವನ್ನು ಶ್ರೀ ವಾದಿರಾಜಸ್ವಾಮಿಗಳು ಕೊಟ್ಟರೆಂದು ಅಲ್ಲಿಯವರ ನಂಬಿಕೆ. ಕೃಷ್ಣಮಠದ ಪರ್ಯಾಯದ ಅಡಿಗೆಗೆ ಆ ಬದನೆಯೇ ಬೇಕು. ಅದಕ್ಕೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು. ಇಂಥ ಕಾಯಿಯೊಳಕ್ಕೆ ಮಣ್ಣಿನ ಸೂಕ್ಷ್ಮಜೀವಿಯ ವಂಶವಾಹಿಯೊಂದು ಸೇರಿದರೆ ಅದು ದೇವರ ನೈವೇದ್ಯಕ್ಕೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಯಾವ ಪ್ರಯೋಗಶಾಲೆಯೂ ಉತ್ತರ ಕೊಡಲಾರದು. ಕೊಡಬೇಕಾದವರು ಮಟ್ಟಿನವರೂ ಮಠದವರೂ. ಈ ಬಗೆಯ ಭಾವನೆಯನ್ನು ಅಜ್ಞಾನವೆಂದು ಕರೆಯುವುದು ತಪ್ಪು, ಬಿ.ಟಿ. ಬದನೆ ತಿಂದರೆ ರೋಗ ಬರುತ್ತದೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ತರುವುದೂ ತಪ್ಪು.

ಆಗಿನ ಪರಿಸರ ಮಂತ್ರಿ ಶ್ರೀ ಜಯರಾಮ್ ರಮೇಶ್ ಅವರು ಸಮಿತಿಯ ಒಪ್ಪಿಗೆಯನ್ನು ತಡೆದು, ೨೦೧೦ರ ಜನವರಿ ೧೩ರಿಂದ ಫೆಬ್ರವರಿ ೬ರ ವರೆಗೆ ಕಲ್ಕತ್ತೆ, ಭುವನೇಶ್ವರ, ಅಹಮದಾಬಾದು, ನಾಗಪುರ, ಚಂಡೀಗಢ, ಹೈದರಾಬಾದು, ಬೆಂಗಳೂರು ಈ ಏಳು ನಗರಗಳಲ್ಲಿ ಬಹಿರಂಗ ಸಭೆಗಳನ್ನು ನಡೆಸಿದರು. ಸುಮಾರು ೮,೦೦೦ ಮಂದಿ ಸೇರಿದ್ದರು. ರೈತರು, ಶಾಸ್ತ್ರಜ್ಞರು, ವೈದ್ಯರು, ವ್ಯಾಪಾರಿಗಳು, ಗೃಹಿಣಿಯರು ಎಲ್ಲರೂ ಇದ್ದರು. ಕೂಗಾಟಕ್ಕೇನೂ ಕಡಿಮೆಯಿರಲಿಲ್ಲ. ಕರ್ನಾಟಕವೂ ಸೇರಿ ಅನೇಕ ರಾಜ್ಯ ಸರ್ಕಾರಗಳು ಬೇಡವೆಂದವು. ಫೆಬ್ರವರಿ ೯ರಂದು ಮಂತ್ರಿಗಳು ತಾತ್ಕಾಲಿಕ ತಡೆಯನ್ನು ಪ್ರಕಟಿಸಿದರು. ಶಾಸ್ತ್ರಜ್ಞರಲ್ಲಿಯೇ ಒಮ್ಮತವಿಲ್ಲ, ಜನರಿಗೆ ನಂಬಿಕೆಯಾಗುವಂಥ ಸ್ವತಂತ್ರ ಪರೀಕ್ಷೆಗಳು ಇನ್ನೂ ನಡೆಯಬೇಕು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ವಿರೋಧಿಸಿದವರು ಇದನ್ನು “ವಿಷವೆಂದು ಸಾಬೀತಾಯಿತು” ಎಂದು ಹಿಗ್ಗಿದರು; ಬೆಂಬಲಿಸಿದವರು “ಕೂಗಾಟವು ಶಾಸ್ತ್ರವನ್ನು ಸೋಲಿಸಿತು” ಎಂದು ಕೊರಗಿದರು. ಎರಡೂ ಆಗಿರಲಿಲ್ಲ. ನೆರೆಯ ಬಾಂಗ್ಲಾದೇಶದವರು ಅದೇ ವಂಶವಾಹಿಯುಳ್ಳ ಬದನೆಗೆ ೨೦೧೩ರ ಅಕ್ಟೋಬರಿನಲ್ಲಿ ಅನುಮತಿ ಕೊಟ್ಟು, ಮರುವರ್ಷ ಜನವರಿಯಲ್ಲಿ ೨೦ ಮಂದಿ ರೈತರಿಗೆ ಸಸಿಗಳನ್ನು ಹಂಚಿದರು. ಅಲ್ಲಿ ಔಷಧ ಹೊಡೆಯುವುದು ಕಡಿಮೆಯಾಯಿತೆಂದು ಪರಿಶೀಲನೆಗಳು ತೋರಿಸಿವೆ. ನಮ್ಮಲ್ಲಿ ತಡೆ ಹಾಕಿದಾಗ ಹೇಳಿದ ಪರೀಕ್ಷೆಗಳನ್ನು ಅಷ್ಟೇ ಆಸ್ಥೆಯಿಂದ ಮುಂದುವರಿಸಿದ್ದರೆ ಎರಡು ಪಕ್ಷಗಳಿಗೂ ಉತ್ತರ ದೊರೆಯುತ್ತಿತ್ತು; ಕೂಗಾಟ ನಿಂತೊಡನೆ ಆಸ್ಥೆಯೂ ನಿಂತದ್ದು ವ್ಯಸನಕರ.

ಮನುಷ್ಯರು ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಹೆದರುವುದಿಲ್ಲ ಎಂಬುದನ್ನು ಪಂಡಿತರು ಅಳೆದು ನೋಡಿದ್ದಾರೆ. ತಾನಾಗಿ ಒಪ್ಪಿಕೊಂಡ ಅಪಾಯವನ್ನು ಮನುಷ್ಯನು, ಪರರು ತನ್ನ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಾಲು ಹೆಚ್ಚಾದರೂ ಸಹಿಸುತ್ತಾನೆಂದು ಅಮೆರಿಕದ ಚಾನ್ಸಿ ಸ್ಟಾರ್ ಎಂಬವರು ೧೯೬೯ರಲ್ಲಿ ಲೆಕ್ಕ ಹಾಕಿದರು. ಪಾಲ್ ಸ್ಲೋವಿಕ್ ಎಂಬವರು ೧೯೮೭ರಲ್ಲಿ, ಕಣ್ಣಿಗೆ ಕಾಣದ್ದು, ಹೊಸದು, ತಡವಾಗಿ ಫಲ ತೋರಿಸುವುದು, ತನ್ನ ಕೈಯಲ್ಲಿಲ್ಲದ್ದು, ಮಕ್ಕಳ ಕಾಲಕ್ಕೂ ತಗಲುವುದು, ಇಂಥವು ಹೆಚ್ಚು ಹೆದರಿಸುತ್ತವೆಂದು ತೋರಿಸಿದರು. ನಮ್ಮ ಹೊಲಗಳಲ್ಲಿ ಇದಕ್ಕೆ ದೃಷ್ಟಾಂತ ಬೇಕಾದಷ್ಟಿದೆ. ಕೈಚೀಲವಿಲ್ಲದೆ, ಮುಖಕ್ಕೆ ಬಟ್ಟೆಯಿಲ್ಲದೆ, ಗಾಳಿಗೆ ಎದುರಾಗಿ ನಿಂತು ಘೋರವಾದ ಕೀಟನಾಶಕವನ್ನು ಹೊಡೆಯುವ ಮನುಷ್ಯನೇ ಸಂಜೆ ಕಟ್ಟೆಯ ಮೇಲೆ ಕುಳಿತು ಹೊಸ ಬೀಜದ ಅಪಾಯವನ್ನು ನೆನೆದು ನಿಟ್ಟುಸಿರುಬಿಡುತ್ತಾನೆ. ಡಬ್ಬಿಯ ವಿಷ ಅವನ ಕೈಯಲ್ಲಿದೆ, ಬಹುಕಾಲದ ಬಳಕೆ. ಬೀಜದೊಳಗಿನದು ಪರರ ಕೈಯಲ್ಲಿದೆ, ಕಾಣದು. ಚಿತ್ರಗಳ ಪ್ರಭಾವವೂ ಹೀಗೆಯೇ. ೨೦೧೨ರಲ್ಲಿ ಫ್ರಾನ್ಸಿನ ಸೆರಾಲಿನಿ ಎಂಬವರು ಹೊಸ ಬಗೆಯ ಮೆಕ್ಕೆಜೋಳ ತಿಂದ ಇಲಿಗಳ ಮೈಮೇಲೆ ದೊಡ್ಡ ಗಡ್ಡೆಗಳೆದ್ದ ಚಿತ್ರಗಳನ್ನು ಪ್ರಕಟಿಸಿದಾಗ ಲೋಕವೆಲ್ಲ ನಡುಗಿತು. ಆ ಜಾತಿಯ ಇಲಿಗಳಿಗೆ ವಯಸ್ಸಾದರೆ ಗಡ್ಡೆಗಳು ತಾವಾಗಿಯೇ ಏಳುತ್ತವೆ, ಒಂದೊಂದು ಗುಂಪಿನಲ್ಲಿದ್ದವು ಹತ್ತೇ ಇಲಿಗಳು ಎಂಬ ಆಕ್ಷೇಪಣೆಗಳು ಬಂದು, ಪತ್ರಿಕೆಯವರು ಮರುವರ್ಷ ಆ ಲೇಖನವನ್ನು ಹಿಂತೆಗೆದುಕೊಂಡರು. ಚಿತ್ರವನ್ನು ಕಂಡವರಲ್ಲಿ ಹಿಂತೆಗೆದ ಸುದ್ದಿಯನ್ನು ಕೇಳಿದವರು ಎಷ್ಟು ಮಂದಿಯೋ!

ಹಾಗಾದರೆ ಕಣ್ಣೀರನ್ನು ಎಂದಿಗೂ ನಂಬಬಾರದೆಂದು ಅರ್ಥವೇ? ಕಾಸರಗೋಡಿನ ಕಡೆಯವರೂ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯವರೂ ಇದಕ್ಕೆ ಉತ್ತರ ಹೇಳಬಲ್ಲರು. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವರ್ಷಗಟ್ಟಲೆ ಸುರಿಸಲಾಯಿತು. ಮಕ್ಕಳು ಅಂಗವಿಕಲರಾಗಿ ಹುಟ್ಟುತ್ತಿದ್ದಾರೆಂದು ತಾಯಂದಿರು ಗೋಳಾಡಿದಾಗ, ಅದು ಕೇವಲ ಭಾವೋದ್ರೇಕವೆಂದು ಹೇಳಿದವರಿದ್ದರು. ಆದರೆ ಆ ಗೋಳಿನಲ್ಲಿ ಊರಿನ ಹೆಸರಿತ್ತು, ಮನೆಯ ಗುರುತಿತ್ತು, ಯಾವ ವರ್ಷ ಯಾವ ತೊರೆಯ ನೀರು ಕುಡಿದೆವೆಂಬ ವಿವರವಿತ್ತು. ಅಂದರೆ, ಹೋಗಿ ನೋಡಬಹುದಾದ ಸಂಗತಿಯಿತ್ತು. ಹೋಗಿ ನೋಡಿದವರು ವೈದ್ಯರು ಮೊದಲಾಗಿ ಹಲವರು. ಪ್ರತಿಯೊಂದು ಕಾಯಿಲೆಯೂ ಅದರಿಂದಲೇ ಬಂದಿತೇ ಎಂಬ ಚರ್ಚೆ ಶಾಸ್ತ್ರಜ್ಞರಲ್ಲಿ ಮುಗಿಯದಿದ್ದರೂ, ೨೦೧೧ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ನಿಷೇಧಿಸಿತು. ಅದೇ ಇಸವಿಯ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ೨೦೧೭ರಲ್ಲಿ ಕೇರಳದ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಪರಿಹಾರ ಕೊಡಬೇಕೆಂದೂ ಆಜ್ಞೆಯಾಯಿತು. ಇದರ ಪಕ್ಕದಲ್ಲಿ ವಾರಂಗಲ್ ಜಿಲ್ಲೆಯ ಕುರುಬರ ದೂರನ್ನು ಇಟ್ಟು ನೋಡಬಹುದು. ೨೦೦೬ರಲ್ಲಿ ಬಿ.ಟಿ. ಹತ್ತಿ ಕಿತ್ತ ಹೊಲಗಳಲ್ಲಿ ಮೇಯ್ದ ಕುರಿಗಳು ಸತ್ತವೆಂದು ಅವರು ಹೇಳಿದರು. ಕುರಿ ಸತ್ತದ್ದಕ್ಕೆ ಕುರುಬನಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಸಾವಿಗೆ ಕಾರಣವೇನೆಂಬುದಕ್ಕೆ ಅವನ ಸಾಕ್ಷಿ ಸಾಲದು. ಗಿಡದ ಮೇಲೆ ಉಳಿದ ಕೀಟನಾಶಕ ಮುಂತಾದ ಬೇರೆ ಕಾರಣಗಳಿರಬಹುದೆಂದು ಅಧಿಕಾರಿಗಳು ಹೇಳಿದರು. ಅದು ನಿಜವಾದರೂ ಕುರುಬನಿಗೆ ಕುರಿ ಹೋದದ್ದು ಹೋದದ್ದೇ. ಯಾವ ಕೀಟನಾಶಕವೆಂಬುದನ್ನು ಹುಡುಕಿ ಅವನಿಗೆ ತಿಳಿಸುವ ಕೆಲಸ ಆಗಲೂ ಉಳಿದಿತ್ತು.

ಭಾವಾವೇಶವು ಹಳ್ಳಿಯವರ ಸ್ವತ್ತು, ಅಧಿಕಾರಿಗಳದು ತಂಪಾದ ಬುದ್ಧಿ ಎಂಬ ಎಣಿಕೆಯೂ ನಿಲ್ಲುವಂಥದಲ್ಲ. ಇದಕ್ಕೆ ಹಳೆಯದೊಂದು ದೃಷ್ಟಾಂತ ಸಾಕು. ಪ್ಲೇಗಿಗೆ ಚುಚ್ಚುಮದ್ದನ್ನು ಕಂಡುಹಿಡಿದ ಹಾಫ್ಕಿನ್ ಎಂಬ ವೈದ್ಯಶಾಸ್ತ್ರಜ್ಞರು ಅದನ್ನು ೧೮೯೭ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡು ನೋಡಿದರು. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಊರಿನಲ್ಲಿ ೧೦೭ ಮಂದಿಗೆ ಮದ್ದು ಚುಚ್ಚಿದಾಗ, ಒಂದೇ ಸೀಸೆಯ ಮದ್ದು ಪಡೆದ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಸರ್ಕಾರದವರು ಗಾಬರಿಗೊಂಡು ಹಾಫ್ಕಿನರನ್ನು ಅಧಿಕಾರದಿಂದ ತೆಗೆದರು. ಸ್ಥಳದಲ್ಲಿ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದು, ಅದನ್ನು ಸರಿಯಾಗಿ ಶುದ್ಧಿಮಾಡದೆ ಸೀಸೆಯ ಬಿರಡೆ ತೆಗೆದಿದ್ದನೆಂಬುದು ದಾಖಲೆಯಲ್ಲಿಯೇ ಇತ್ತು. ಆದರೂ ಅವರು ನಿರಪರಾಧಿಯೆಂದು ಒಪ್ಪಲು ೧೯೦೭ರ ವರೆಗೆ ಕಾಲ ಹಿಡಿಯಿತು. ಇಲ್ಲಿ ಹೆದರಿದ್ದು ಜನರಲ್ಲ. ಜನರು ಹೆದರಿಯಾರೆಂದು ಸರ್ಕಾರವೇ ಹೆದರಿತು. ನಮ್ಮ ಕಾಲದ ಶಾಸ್ತ್ರಜ್ಞರು ಕೂಡ, ಪ್ರಶ್ನೆ ಕೇಳಿದವನನ್ನು ತಿರಸ್ಕಾರದಿಂದ ನೋಡುವಾಗ, ತಾವು ಮನೋವಿಕಾರಕ್ಕೆ ಒಳಗಾಗಿದ್ದೇವೆಂದು ಭಾವಿಸುವುದಿಲ್ಲ.

ಇಂಥ ವಾದಗಳು ಗ್ರಾಮಗಳಿಗೆ ಪುನಃ ಬರಲಿವೆ. ಹೊಸ ಬಗೆಯ ಸಾಸಿವೆಯ ವಿಚಾರದಲ್ಲಿ ೨೦೨೪ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಎರಡು ಅಭಿಪ್ರಾಯ ಕೊಟ್ಟರು. ೨೦೨೫ರ ಮೇ ೪ರಂದು ಕೇಂದ್ರ ಸರ್ಕಾರದವರು, ಹೊರಗಿನ ವಂಶವಾಹಿಯನ್ನು ಸೇರಿಸದೆ ಬತ್ತದ ಸ್ವಂತ ವಂಶವಾಹಿಯನ್ನೇ ತಿದ್ದಿದ ಎರಡು ಬತ್ತದ ತಳಿಗಳನ್ನು ಪ್ರಕಟಿಸಿದರು. ಈ ವಂಶವಾಹಿ ಸೇರಿಸುವುದಕ್ಕೂ ತಿದ್ದುವುದಕ್ಕೂ ಇರುವ ಭೇದವನ್ನು ಸಭೆಯಲ್ಲಿ ಮೊದಲೇ ತಿಳಿಸದಿದ್ದರೆ, ೧೯೯೮ರಲ್ಲಿ ಎರಡು ಸುದ್ದಿಗಳು ಒಂದಾದಂತೆ ಇಲ್ಲಿಯೂ ಆದೀತು.

ಸಭೆಯನ್ನು ನಡೆಸತಕ್ಕ ಮುಖಂಡರು ಕೋಪಗೊಂಡು ಎದ್ದವನನ್ನು ಕೂರಿಸುವುದಕ್ಕೆ ಮೊದಲು, ಅವನು ಹೇಳುವುದರಲ್ಲಿ ಹೋಗಿ ನೋಡಬಹುದಾದದ್ದು ಏನಿದೆಯೆಂದು ಕೇಳಬೇಕು. ಯಾವ ಹೊಲ, ಯಾವ ದಿನ, ಎಷ್ಟು ದನ, ಯಾವ ಪೊಟ್ಟಣ, ಎಂದು. ಹೇಳಿದರೆ ಬರೆದಿಟ್ಟುಕೊಂಡು ಇಲಾಖೆಯವರಿಂದ ಉತ್ತರ ತರಿಸಬೇಕು. ಹೇಳಲಾರದೆ ಹೋದರೆ, ಅವನ ಮನಸ್ಸಿನಲ್ಲಿರುವುದು ಪ್ರಾಯಶಃ ಬೇರೊಂದು ಪ್ರಶ್ನೆ, ಬೆಲೆಯದೋ ಸಾಲದ್ದೋ ಮರ್ಯಾದೆಯದೋ ಆಗಿರುತ್ತದೆ. ಅದನ್ನು ಬಾಯಿಬಿಡಿಸುವುದು ಮುಖಂಡರ ಜಾಣ್ಮೆಗೆ ಸೇರಿದ್ದು. ಹೊಗಳಿ ಮಾತನಾಡುವವನಿಗೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಎಕರೆಯಲ್ಲಿ, ಎಷ್ಟು ವರ್ಷ, ಮಳೆ ತಪ್ಪಿದ ವರ್ಷ ಏನಾಯಿತು, ಎಂದು.

ಹೊಲವನ್ನು ಪ್ರಯೋಗಕ್ಕೆ ಕೊಡುವ ಭೂಮಾಲೀಕರು, ಬೀಜದಲ್ಲಿ ಏನಿದೆ, ನೆರೆಯ ಹೊಲಕ್ಕೆ ಎಷ್ಟು ಅಂತರ ಬಿಡಬೇಕು, ಕೊಯ್ಲಾದ ಮೇಲೆ ಉಳಿದ ಗಿಡವನ್ನು ಏನು ಮಾಡಬೇಕು, ಬೆಳೆ ಕೆಟ್ಟರೆ ಹಣ ಕೊಡುವವರು ಯಾರು ಎಂಬುದನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳತಕ್ಕದ್ದು; ನೆರೆಯವರಿಗೂ ಮೊದಲೇ ತಿಳಿಸತಕ್ಕದ್ದು. ಮಾರಾಟದ ಬೀಜವನ್ನು ಕೊಳ್ಳುವವರಿಗೆ ಮೇಲೆ ಹೇಳಿದ ೨೦೦೧ರ ಕಾಯಿದೆಯ ೩೯ನೆಯ ಪ್ರಕರಣದಲ್ಲಿಯೇ ಇನ್ನೊಂದು ಅನುಕೂಲವಿದೆ. ಆ ಕಾಯಿದೆಯಂತೆ ನೋಂದಣಿಯಾದ ತಳಿಯನ್ನು ಮಾರುವವರು, ಯಾವ ಸ್ಥಿತಿಯಲ್ಲಿ ಎಷ್ಟು ಫಲ ನಿರೀಕ್ಷಿಸಬಹುದೆಂದು ರೈತನಿಗೆ ತಿಳಿಸಬೇಕು; ಹೇಳಿದಷ್ಟು ಬಾರದಿದ್ದರೆ ರೈತನು ಪರಿಹಾರಕ್ಕಾಗಿ ಆ ಕಾಯಿದೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆ ಅರ್ಜಿಯನ್ನು ನಿಲ್ಲಿಸಲು ಅಂಗಡಿಯ ರಸೀದಿಯೂ ಬರಿದಾದ ಪೊಟ್ಟಣವೂ ಬೇಕಾಗುವುದರಿಂದ, ಬಿತ್ತನೆಯಾದ ದಿನವೇ ಇವೆರಡನ್ನೂ ಒಂದು ಚೀಟಿಯಲ್ಲಿ ಹೊಲದ ಸರ್ವೆ ನಂಬರು ಬರೆದು ಸುತ್ತಿ, ಮನೆಯಲ್ಲಿ ಕಂದಾಯದ ಕಾಗದಗಳ ಜೊತೆಗೆ ಇಟ್ಟುಕೊಳ್ಳತಕ್ಕದ್ದು.